ಬಸವನಹುಳುವಿನ ಜಾತಿನಿರ್ಣಯ

ಕಡಲಿನಿಂದ ಏಳು ದಿನದ ದಾರಿಯಲ್ಲಿ, ಕಡಲನ್ನು ಯಾರೂ ಕಂಡಿರದ ಒಂದು ಊರಿತ್ತು. ಅಲ್ಲಿ ಎರಡು ಬೀದಿಗಳು. ಬಲಮುರಿ ಬೀದಿಯ ಪ್ರತಿ ಬಾಗಿಲ ಮೇಲೂ ಒಂದು ಚೌಕ ಕಲ್ಲು, ಅದರಲ್ಲಿ ಒಂದು ಶಂಖ: ಚೂಪು ತುದಿ ಕೆಳಗೆ, ಬಾಯಿ ಬಲಕ್ಕೆ. ಎಡಮುರಿ ಬೀದಿಯ ಶಂಖಗಳಲ್ಲೂ ತುದಿ ಕೆಳಗೇ. ಬಾಯಿ ಮಾತ್ರ ಎಡಕ್ಕೆ. ವ್ಯತ್ಯಾಸ ಇಷ್ಟೇ. ಇದರ ಕಾರಣ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಯಾರಿಗೂ ಅನುಮಾನವೂ ಇರಲಿಲ್ಲ.

ಬೆಟ್ಟದ ಒರತೆಯ ನೀರು ಕಲ್ಲುಗಾಲುವೆಯಲ್ಲಿ ಹರಿದು ಮೊದಲು ಮೇಲಿನ ಕೊಳಕ್ಕೆ ಬರುತ್ತಿತ್ತು. ಬಲಮುರಿಯವರು ಅಲ್ಲಿ ಕುಡಿದು, ಮಿಂದು, ಬಟ್ಟೆ ಒಗೆದು, ಎಮ್ಮೆ ತೊಳೆದ ಮೇಲೆ ಉಳಿದದ್ದು ಕೆಳಗಿನ ಕೊಳಕ್ಕೆ ಇಳಿಯುತ್ತಿತ್ತು. ಅದು ಎಡಮುರಿಯವರದು. ಊರಿಗೆ ಮೊದಲು ಬಂದವರಿಗೆ ಮೇಲಿನ ಕೊಳ ಎಂದು ಶಾಸನವಿತ್ತು. ಮೊದಲು ಬಂದವರು ತಾವೇ ಎಂದು ಬಲಮುರಿಯವರು ಹೇಳುತ್ತಿದ್ದರು. ಶಾಸನ ಬರೆದವರೂ ಅವರೇ ಆದ್ದರಿಂದ ಅವರಿಗೆ ತಿಳಿದಿರಲೇಬೇಕು.

ಎಡಮುರಿ ಬೀದಿಯಲ್ಲಿ ಕಲ್ಲುಕೆಲಸದ ಗಿರಿಯವ್ವ ಇದ್ದಳು. ಅವಳ ಮೊಮ್ಮಗಳಿಗೆ ಮೂರು ತಿಂಗಳಿಂದ ಹೊಟ್ಟೆ ಸರಿಯಿರಲಿಲ್ಲ. ಒಳ್ಳೆಯ ನೀರು ಕುಡಿಸು ಎಂದು ಹೇಳಿ ವೈದ್ಯರು ಬಲಮುರಿ ಬೀದಿಯ ತಮ್ಮ ಮನೆಗೆ ಹಿಂದಿರುಗಿದ್ದರು. ಅದೇ ವಾರ ಗಿರಿಯವ್ವ ಸೀಳಿದ ಬಂಡೆಯೊಳಗೆ ಮುಷ್ಟಿ ಗಾತ್ರದ ಬಸವನಹುಳು ಸಿಕ್ಕಿತು. ಹುಳು ಯಾವತ್ತೋ ಸತ್ತು, ಚಿಪ್ಪು ಕಲ್ಲಾಗಿತ್ತು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಲಮುರಿಯವರ ವಿದ್ವತ್ ಮಂಡಳಿಗೆ ಹೋದಳು.

ಮಂಡಳಿಯ ಹಿರಿಯ ಪಂಡಿತರು ಹನ್ನೊಂದು ದಿನ ಪರೀಕ್ಷಿಸಿ, ಈ ಊರು ಒಂದು ಕಾಲಕ್ಕೆ ಕಡಲ ತಳವಾಗಿತ್ತೆಂದೂ ಈ ಹುಳು ಆಗ ಇಲ್ಲಿ ವಾಸವಾಗಿತ್ತೆಂದೂ ತುಂಬಿದ ಸಭೆಯಲ್ಲಿ ಸಾರಿದರು.

"ಅಂದ್ರೆ ಊರಿಗೆ ಎಲ್ಲಾರಿಗಿಂತ ಮೊದ್ಲು ಬಂದದ್ದು ಇದೇ ಅಲ್ವಾ, ಬುದ್ಧೀ?" ಎಂದಳು ಗಿರಿಯವ್ವ.

"ನಿಸ್ಸಂದೇಹವಾಗಿ."

"ಹಂಗಾದ್ರೆ ಇದು ಯಾವ ಮುರಿಯೋ, ಮೇಲಿನ ಕೊಳ ಆ ಮುರಿಯೋರ್ದು."

ಪಂಡಿತರಿಗೆ ಗಾಬರಿಯೇನೂ ಆಗಲಿಲ್ಲ. ಅಷ್ಟು ಹಳೆಯ ಜೀವಿ ತಮ್ಮವರಲ್ಲದೆ ಇನ್ನಾರಾಗಲು ಸಾಧ್ಯ? ಚಿಪ್ಪನ್ನು ತುದಿ ಮೇಲಾಗಿ ಎತ್ತಿ ಹಿಡಿದರು. ಬಾಯಿ ಬಲಕ್ಕಿತ್ತು. "ಜಾತಿ: ಬಲಮುರಿ" ಎಂದು ಬರೆಸಿದರು.

"ನಿಮ್ಮ ಬಾಗಿಲ ಮೇಲೆ ತುದಿ ಕೆಳಗಲ್ವಾ?" ಎಂದಳು ಗಿರಿಯವ್ವ. "ಇದನ್ನೂ ಹಂಗೇ ಹಿಡೀರಿ, ನೋಡಾನ."

ಪಂಡಿತರು ಚಿಪ್ಪನ್ನು ತಲೆಕೆಳಗು ಮಾಡಿದರು. ಬಾಯಿ ಎಡಕ್ಕೆ ಬಂತು.

"ಈಗ?"

"ಈಗ ನಾನು ತಪ್ಪಾಗಿ ಹಿಡಿದಿದ್ದೇನೆ," ಎಂದರು ಪಂಡಿತರು.

ಮಂಡಳಿ ಒಂದು ತಿಂಗಳು ಚರ್ಚಿಸಿತು. ತುದಿ ಮೇಲಿರುವುದರಿಂದ ಅದೇ ತಲೆ ಎಂದರು ಒಬ್ಬರು. ಹಿಡಿದವರು ಮೇಲೆ ಮಾಡಿದ್ದರಿಂದ ಅದು ಮೇಲಿದೆ ಎಂದರು ಇನ್ನೊಬ್ಬರು. ಹಿತ್ತಲಲ್ಲಿ ಜೀವಂತ ಬಸವನಹುಳುವನ್ನು ಕಂಡಿದ್ದ ಮೂರನೆಯವರು, ಅದು ತುದಿಯನ್ನು ಹಿಂದಕ್ಕೆ ಚಾಚಿಕೊಂಡು ನಡೆಯುತ್ತದೆ, ಮೇಲಕ್ಕೂ ಅಲ್ಲ ಕೆಳಕ್ಕೂ ಅಲ್ಲ ಎಂದರು. ಅವರನ್ನು ಓಲೆಗರಿಗಳ ಧೂಳು ಒರೆಸುವ ಕೆಲಸಕ್ಕೆ ವರ್ಗ ಮಾಡಲಾಯಿತು.

ಕೊನೆಗೆ ತೀರ್ಪು ಬಂತು. ತುದಿ ಮೇಲಿರುವುದೇ ಶಾಸ್ತ್ರೀಯ, ಹುಳು ಬಲಮುರಿ. ತುದಿ ಕೆಳಗಿರುವ ಬಾಗಿಲುಗಳು ಅಶಾಸ್ತ್ರೀಯ. ಬಲಮುರಿ ಬೀದಿಯ ಕಲ್ಲುಗಳನ್ನೆಲ್ಲ ಕೂಡಲೇ ತಿರುಗಿಸಿ ಕೂರಿಸತಕ್ಕದ್ದು. ಊರಲ್ಲಿ ಕಲ್ಲಿನ ಕೆಲಸ ಬಲ್ಲವಳು ಒಬ್ಬಳೇ.

"ತಲೆಕೆಳಗು ಮಾಡಿ ಕೂರಿಸ್ಲಾ, ಬುದ್ಧೀ? ಇನ್ನೊಂದ್ಸಲ ಯೋಚ್ನೆ ಮಾಡಿ."

"ಹೇಳಿದಷ್ಟು ಮಾಡಮ್ಮ. ಯೋಚನೆ ನಮಗೆ ಬಿಡು."

ಗಿರಿಯವ್ವ ಒಂಬತ್ತು ದಿನಗಳಲ್ಲಿ ಎಪ್ಪತ್ತು ಮನೆಯ ಕಲ್ಲುಗಳನ್ನೂ ತಿರುಗಿಸಿದಳು. ಹತ್ತನೆಯ ಬೆಳಿಗ್ಗೆ ಪಂಡಿತರು ಹೊರಗೆ ಬಂದು ತಲೆ ಎತ್ತಿ ನೋಡಿದರು. ತುದಿ ಮೇಲಿತ್ತು. ಬಾಯಿ ಎಡಕ್ಕಿತ್ತು. ಒಳಗೆ ಹೋಗಿ ಮುಖ ತೊಳೆದು ಮತ್ತೆ ಬಂದು ನೋಡಿದರು. ಬಾಯಿ ಇನ್ನೂ ಎಡಕ್ಕೇ ಇತ್ತು. ಅಂದು ಅವರ ಕೈಯಲ್ಲಿ ಚಿಪ್ಪಿಗೆ ಆದದ್ದೇ ಈಗ ಇಡೀ ಬೀದಿಗೆ ಆಗಿತ್ತು.

ಎಡಮುರಿ ಬೀದಿಯ ಕಲ್ಲುಗಳನ್ನು ಇದೇ ಶಾಸ್ತ್ರದ ಪ್ರಕಾರ ತಿರುಗಿಸಿ ನೋಡಿದರೆ ಬಾಯಿ ಬಲಕ್ಕೆ. ಹುಳು ಬಲಮುರಿ, ಆ ಬೀದಿಯೂ ಬಲಮುರಿ. ತೀರ್ಪನ್ನು ಹಿಂದಕ್ಕೆ ಪಡೆದು ತುದಿಯನ್ನು ಮತ್ತೆ ಕೆಳಗೆ ಮಾಡಿದರೆ ಹುಳು ಎಡಮುರಿ, ಆ ಬೀದಿಯೂ ಎಡಮುರಿ. ಹೇಗೆ ಹಿಡಿದರೂ ಹುಳು ಗಿರಿಯವ್ವನ ನೆಂಟನೇ.

ಮಂಡಳಿ ಊಟ ಬಿಟ್ಟು ಕೂತಿತು. ಸಂಜೆಯ ಹೊತ್ತಿಗೆ ಎಲ್ಲರ ಮುಖದಲ್ಲೂ ಕಳೆ ಬಂತು. ಮರುದಿನ ಗಿರಿಯವ್ವ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಖಾಲಿ ಕೊಡ ಹಿಡಿದು ಬಂದಳು. ಪಂಡಿತರು ಎದ್ದು ನಿಂತು, ಮುದ್ರೆ ಒತ್ತಿದ ಓಲೆಯೊಂದನ್ನು ಅವಳ ಕೈಗಿಟ್ಟರು.

"ಸಂತೋಷದ ಸುದ್ದಿ, ತಾಯಿ. ಇಂದಿನಿಂದ ನಿಮ್ಮ ಬೀದಿಯವರೆಲ್ಲ ಬಲಮುರಿಯವರು. ನಾವೇ ಎಡಮುರಿಯವರು. ನಮಗೆ ಬೇಸರವಿಲ್ಲ."

ಅವರು ಅವಳನ್ನು ತಾಯಿ ಎಂದದ್ದು ಅದೇ ಮೊದಲು.

"ಹಂಗಾದ್ರೆ ಮೇಲಿನ ಕೊಳ?"

"ಅದು ಎಡಮುರಿಯವರದು. ಅನಾದಿಕಾಲದಿಂದಲೂ."

"ಮೊದ್ಲು ಬಂದೋರಿಗೆ ಅಂತ ಶಾಸನ ಐತಲ್ಲ, ಬುದ್ಧೀ? ಹುಳ ನಮ್ದಲ್ವಾ?"

"ಹುಳು ನಿಮ್ಮದೇ. ಆದರೆ ಅದು ಉಪ್ಪುನೀರಿನ ಪ್ರಾಣಿ, ತಾಯಿ. ಸಿಹಿನೀರಿನಲ್ಲಿ ಅದಕ್ಕೆ ಹಕ್ಕು ಬರುವುದಿಲ್ಲ."

ಗಿರಿಯವ್ವ ಓಲೆಯನ್ನು ತಿರುಗಿಸಿ ನೋಡಿದಳು, ತಲೆಕೆಳಗು ಮಾಡಿಯೂ ನೋಡಿದಳು. ಆಮೇಲೆ ಅದನ್ನು ಮೊಮ್ಮಗಳ ಕೈಗೆ ಆಡಲು ಕೊಟ್ಟು, ಮನೆಗೆ ಹೋಗಿ ಸುತ್ತಿಗೆ, ಉಳಿ ಎತ್ತಿಕೊಂಡಳು.

ಅಂದು ಮಧ್ಯಾಹ್ನ ಪಂಡಿತರು ಹುಳುವಿನ ಜಾತಿನಿರ್ಣಯದ ಗ್ರಂಥಕ್ಕೆ ಮುನ್ನುಡಿ ಬರೆಯುತ್ತಿದ್ದರು. ಬೆಟ್ಟದ ಕಡೆಯಿಂದ, ಒರತೆಯ ಕಲ್ಲುಗಾಲುವೆಯ ಹತ್ತಿರದಿಂದ, ಕಲ್ಲು ಕಡಿಯುವ ಸದ್ದು ಒಂದೇ ಸಮನೆ ಕೇಳಿಬರುತ್ತಿತ್ತು. ಬಲಮುರಿಯವರು ಎಷ್ಟು ಶ್ರಮಜೀವಿಗಳು ಎಂದು ಮೆಚ್ಚಿಕೊಂಡು, ಬಾಯಾರಿಕೆಯಾದ್ದರಿಂದ ನೀರು ತರಲು ಹೇಳಿದರು.