ರತ್ನಗಂಬಳಿಯ ಮೇಲೆ

ಕಯೆತಾನ್ ನಿಂತುಕೊಂಡೇ ಓದುತ್ತಿದ್ದ. ಬೆಳಿಗ್ಗೆ ದೊರೆಯ ತಲೆ ಬೋಳಿಸುವ ಹೊತ್ತಿನಲ್ಲಿ ಫ್ರೆಂಚ್ ಪತ್ರಿಕೆ ಓದಿ ಹೇಳುವುದು ಅವನ ದಿನದ ಮೊದಲ ಕೆಲಸ. ಮೊದಲೆಲ್ಲ ಕಿಟಕಿಯ ಪಕ್ಕದ ಮಣೆಯ ಮೇಲೆ ಕೂತು ಓದುತ್ತಿದ್ದ; ಈಗ ಒಂದು ವಾರದಿಂದ ಕೂರಲು ಆಗುತ್ತಿರಲಿಲ್ಲ. ಕಾರಣ ದೊರೆಗೆ ಗೊತ್ತಿತ್ತು. ಆದರೂ ದಿನವೂ, "ಕೂತ್ಕೊಳಯ್ಯ, ಕಾಲು ನೋಯುತ್ತೆ" ಎನ್ನುತ್ತಿದ್ದರು. ಕ್ಷೌರಿಕ ದಿನವೂ ನಗುತ್ತಿದ್ದ.

ಪ್ಯಾರಿಸ್ಸಿನ ನಾಟಕಶಾಲೆಯ ಸುದ್ದಿ ಅರ್ಧ ಮುಗಿದಿತ್ತು. ಅಷ್ಟರಲ್ಲಿ ಮನೆಯ ಪಾರುಪತ್ಯಗಾರ ಇಗ್ನಾತ್ಸಿ ಬಾಗಿಲಲ್ಲಿ ಕಾಣಿಸಿಕೊಂಡು, ಈ ಓದುವ ಹುಡುಗನ ಅಪ್ಪ ಬಂದಿದ್ದಾನೆ, ದೊರೆಯ ಹತ್ತಿರ ನ್ಯಾಯ ಕೇಳಬೇಕಂತೆ ಎಂದ. ಕಯೆತಾನ್ ಪತ್ರಿಕೆ ಕೆಳಗಿಳಿಸಿದ. ಊಟಕ್ಕೆ ನೆಂಟರು ಬರುವವರಿದ್ದಾರೆ, ಆಗಲೇ ಬರಲಿ ಎಂದು ದೊರೆ ಅಪ್ಪಣೆ ಕೊಟ್ಟರು.

ಅಪ್ಪ ಒನುಫ್ರಿ ಕುಲೀನ. ಪೋಲೆಂಡಿನ ಪೊಡ್ಲಾಸ್ಯೆ ಸೀಮೆಯಲ್ಲಿ ಇಂಥ ಕುಲೀನರಿಗೆ ಬರವಿರಲಿಲ್ಲ. ಊರಿಗೆ ಊರೇ ಕುಲೀನರದು, ಎರಡನೇ ಹಸು ಮಾತ್ರ ಯಾರ ಕೊಟ್ಟಿಗೆಯಲ್ಲೂ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ ಸೊಂಟಕ್ಕೆ ಕತ್ತಿ ಕಟ್ಟಿಕೊಂಡೇ ಉಳುತ್ತಿದ್ದರು. ಒನುಫ್ರಿಯ ಸೊಂಟಪಟ್ಟಿ ಹರಿದು ಎಷ್ಟೋ ಕಾಲವಾಗಿತ್ತು. ಅವನ ಕತ್ತಿ ಹಗ್ಗದಲ್ಲಿ ತೂಗಾಡುತ್ತಿತ್ತು. ಅಂಥವನು ಹೊಟ್ಟೆಬಟ್ಟೆ ಕಟ್ಟಿ ಮಗನನ್ನು ವಾರ್ಸಾದ ಪಾದ್ರಿಗಳ ಶಾಲೆಯಲ್ಲಿ ಓದಿಸಿದ. ಮಗ ಲ್ಯಾಟಿನ್ ಕಲಿತ, ಫ್ರೆಂಚ್ ಕಲಿತ, ಮನುಷ್ಯರೆಲ್ಲ ಹುಟ್ಟಿನಿಂದ ಸಮಾನರು ಎಂಬುದನ್ನೂ ಕಲಿತ. ಇಷ್ಟೆಲ್ಲ ಕಲಿತದ್ದಕ್ಕೆ ಸಿಕ್ಕಿದ್ದು ಈ ಕೆಲಸ: ಬೆಳಿಗ್ಗೆ ಪತ್ರಿಕೆ, ಆಮೇಲೆ ಔತಣದ ಓಲೆಗಳು, ಊಟಕ್ಕೆ ಮೇಜಿನ ಕೊಟ್ಟಕೊನೆಯ ಜಾಗ, ಸಂಜೆ ಇಸ್ಪೀಟಿನ ಪಕ್ಕ ಮೇಣದಬತ್ತಿ ಹಿಡಿದು ದೊರೆಯ ಹಾಸ್ಯಕ್ಕೆ ನಗುವುದು. ಊಟದ ಮೇಜಿನ ಮೇಲ್ತುದಿಯಲ್ಲಿ ದ್ರಾಕ್ಷಾರಸವಾಗಿದ್ದದ್ದು ಅವನ ಬಳಿಗೆ ಬರುವಷ್ಟರಲ್ಲಿ ನೀರು ಬಿಯರಾಗಿರುತ್ತಿತ್ತು.

ಕಳೆದ ವಾರ ಊಟದ ನಡುವೆ ದೊರೆ ನೆಂಟರ ಮುಂದೆ, "ನಿನ್ನ ಪುಸ್ತಕದ ಪ್ರಕಾರ ನಾನೂ ನೀನೂ ಒಂದೇನಾ?" ಎಂದು ಕೆಣಕಿದ್ದರು. ಸುಮ್ಮನೆ ನಕ್ಕಿದ್ದರೆ ಆಗುತ್ತಿತ್ತು. "ನಾನೊಬ್ಬನೇ ಅಲ್ಲ, ಲಾಯದವನೂ ಒಂದೇ" ಎಂದುಬಿಟ್ಟ ಕಯೆತಾನ್. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ದೊರೆಯೇ. ಊಟ ಮುಗಿದ ಮೇಲೆ ಇವನಿಗೆ ಚಾವಟಿ ಏಟು ಕೊಡಿಸು ಎಂದು ಇಗ್ನಾತ್ಸಿಗೆ ಹೇಳಿ ನಿದ್ದೆಗೆ ಹೋದರು.

ಅದೇನೂ ಆ ಸೀಮೆಯಲ್ಲಿ ದೊಡ್ಡ ಅವಮಾನವಲ್ಲ. ದೊಡ್ಡವರ ಮನೆಯಲ್ಲಿ ಚಾಕರಿಗಿರುವ ಕುಲೀನರ ಮಕ್ಕಳು ಏಟು ತಿಂದು, ಎದ್ದು, ದೊರೆಯ ಕೈಗೆ ಮುತ್ತಿಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಕಟ್ಟಳೆ ಒಂದೇ. ಹೊಡೆಯುವಾಗ ಕುಲೀನನ ಮೈ ಬರಿನೆಲಕ್ಕೆ ತಾಗಬಾರದು, ಅಡಿಯಲ್ಲಿ ರತ್ನಗಂಬಳಿ ಹಾಸಬೇಕು. ಬರಿನೆಲದ ಮೇಲೆ ಹೊಡೆಸಿಕೊಳ್ಳುವವನು ಜೀತದಾಳು. ಅವತ್ತು ಈಸ್ಟರ್ ಹತ್ತಿರ ಬಂದಿದ್ದರಿಂದ ಮನೆಯ ಕಂಬಳಿಗಳೆಲ್ಲ ಧೂಳು ಕೊಡವಲು ಅಂಗಳದ ಹಿಮದ ಮೇಲಿದ್ದವು. ಒಂದನ್ನು ತರಿಸುತ್ತೇನೆ, ತಾಳು ಎಂದ ಇಗ್ನಾತ್ಸಿ. ಬೇಡ, ನನಗೂ ಲಾಯದವರಿಗೂ ಭೇದವಿಲ್ಲ ಎಂದು ಕಯೆತಾನ್ ತಾನಾಗಿಯೇ ಹೋಗಿ ಲಾಯದ ನೆಲದ ಬರಿಹಲಗೆಯ ಮೇಲೆ ಮಲಗಿದ. ಅದನ್ನು ಧೈರ್ಯ ಅಂದುಕೊಂಡಿದ್ದ. ಮೂರನೇ ಏಟಿಗೆ ಯಾಕೆ ಮಲಗಿದೆ ಎಂಬುದೇ ಮರೆತುಹೋಯಿತು.

ಪತ್ರಿಕೆ ಓದಿ ಮುಗಿಸಿ ಕಯೆತಾನ್ ಹೊರಗೆ ಬಂದಾಗ ಅಪ್ಪ ಅಂಗಳದ ಬಾವಿಯ ಪಕ್ಕ ನಿಂತಿದ್ದ. ಬೂಟು ಮೊಣಕಾಲವರೆಗೂ ಕೆಸರು.

"ಹೊಡೆದ್ರು ಅಂತ ನಂಗೇನೂ ಬೇಜಾರಿಲ್ಲ ಕಣೋ. ನಾನೂ ತಿಂದಿದೀನಿ, ಇವರಪ್ಪನ ಕಾಲದಲ್ಲಿ. ಕೆಂಪನೇ ರತ್ನಗಂಬಳಿ ಹಾಸಿದ್ರು. ಹಲಗೆ ಮೇಲೆ ಯಾಕೋ ಮಲಗಿಸಿದ್ರು?"

"ನಾನೇ ಮಲಗಿದೆ ಅಪ್ಪ. ಕಂಬಳಿ ಬೇಡ ಅಂದೆ."

ಒನುಫ್ರಿ ಮಗನ ಮುಖವನ್ನೇ ನೋಡಿದ. "ಅದನ್ನ ಇನ್ಯಾರ ಹತ್ರಾನೂ ಹೇಳ್ಬೇಡ" ಎಂದ.

ಆಮೇಲೆ ಒಂದೊಂದಾಗಿ ಹೇಳಿದ. ಲಾಯದವರ ಬಾಯಿಂದ ಸುದ್ದಿ ಊರು ಮುಟ್ಟಿತ್ತು. ಭಾನುವಾರ ಇಗರ್ಜಿಯಲ್ಲಿ ಮುಂದಿನ ಬೆಂಚಿನಿಂದ ಒನುಫ್ರಿಯನ್ನು ಎಬ್ಬಿಸಿ, ಹಲಗೆಯವರಿಗೆ ಹಿಂದೆ ಜಾಗವಿದೆ ಎಂದಿದ್ದರು. ಕಯೆತಾನನ ತಂಗಿ ಅಪೊಲೋನ್ಯಾಳ ಬೀಗರಾಗಬೇಕಾದವರು ಉಂಗುರ ವಾಪಸು ಕೇಳಿದ್ದರು. ಅವಳು ಅದನ್ನು ಬೆರಳಿಂದ ತೆಗೆಯದೆ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದಳು.

ವಾರ್ಸಾಗೆ ಹೋಗೋಣ, ಅಲ್ಲಿ ಅಚ್ಚುಕೂಟದವನೊಬ್ಬ ಕೆಲಸ ಕೊಡುತ್ತೇನೆಂದಿದ್ದಾನೆ, ಅಲ್ಲಿ ಯಾರೂ ಹಲಗೆ ಕಂಬಳಿ ಅಂತ ಕೇಳುವುದಿಲ್ಲ ಎಂದ ಕಯೆತಾನ್.

"ನೀನು ಹೋಗ್ತೀಯ," ಎಂದ ಅಪ್ಪ. "ಅವಳು ಎಲ್ಲಿಗೆ ಹೋಗ್ತಾಳೆ?"



ಊಟದ ಮನೆಯಲ್ಲಿ ಸುತ್ತಲ ಕುಲೀನರೆಲ್ಲ ಸೇರಿದ್ದರು. ದೊರೆ ಎದ್ದು ಬಂದು ಒನುಫ್ರಿಯನ್ನು ತಬ್ಬಿ, "ಬಾ ಅಣ್ಣಯ್ಯ" ಎಂದರು. ಕುಲೀನರು ಒಬ್ಬರನ್ನೊಬ್ಬರು ಹಾಗೇ ಕರೆಯಬೇಕು. ಅಣ್ಣಯ್ಯನ ಕಣ್ಣು ತುಂಬಿಬಂತು. ಅದನ್ನು ನೋಡಿ ಕಯೆತಾನನಿಗೆ ಬೆನ್ನಿನ ಉರಿಗಿಂತ ಹೆಚ್ಚು ಉರಿಯಿತು.

ಒನುಫ್ರಿ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ತಡವರಿಸದೆ ಹೇಳಿದ. ಮಗ ತಪ್ಪು ಮಾಡಿದ, ಏಟು ತಿಂದ, ಅದು ನ್ಯಾಯ. ಆದರೆ ಕಂಬಳಿ ತಪ್ಪಿತು.

"ಅದಕ್ಕೇನು ಮಾಡೋಣ ಹೇಳು ಅಣ್ಣಯ್ಯ."

"ಈ ದೊಡ್ಡವರೆಲ್ಲರ ಮುಂದೆ ಕಂಬಳಿ ಹಾಸಿ ಹೊಡೆಸ್ಬೇಕು. ಅಷ್ಟು ಕೃಪೆ ಮಾಡ್ಬೇಕು."

ಕ್ಷಮಿಸಿದೆ, ನಿನ್ನ ಮಗ ಕುಲೀನನೇ ಎಂದು ದೊರೆ ಎಲ್ಲರ ಮುಂದೆ ಒಂದು ಮಾತು ಅಂದಿದ್ದರೆ ಸಾಕಿತ್ತು. ಆ ಮಾತೇ ಊರಿಗೆ ಮುಟ್ಟುತ್ತಿತ್ತು. ಕಯೆತಾನ್ ಅದಕ್ಕಾಗಿ ಕಾದ. ದೊರೆ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ನೋಡಿ, ಹಳೇ ರಕ್ತ ಅಂದರೆ ಇದು ಎಂದು ನೆಂಟರಿಗೆ ಹೇಳಿ, ತಮ್ಮ ಅಜ್ಜ ತುರ್ಕರಿಂದ ಗೆದ್ದು ತಂದ ದೊಡ್ಡ ಕಂಬಳಿಯನ್ನೇ ತರಲು ಅಪ್ಪಣೆ ಕೊಟ್ಟರು. "ಏಟು ಮೊದಲಿನಷ್ಟೇ ಇರಲಿ ಇಗ್ನಾತ್ಸಿ. ಕಡಿಮೆ ಮಾಡಿದ್ರೆ ಅಣ್ಣಯ್ಯನಿಗೆ ಅವಮಾನ."

ಬಾಗಿಲು ತೆರೆದೇ ಇತ್ತು. ಯಾರೂ ಅಡ್ಡ ನಿಂತಿರಲಿಲ್ಲ. ಕಯೆತಾನ್ ಬಾಗಿಲ ಕಡೆ ನೋಡಿದ, ಅಪ್ಪನ ಸೊಂಟದ ಹಗ್ಗ ನೋಡಿದ, ಆಮೇಲೆ ಕೋಟಿನ ಗುಂಡಿ ಬಿಚ್ಚತೊಡಗಿದ. ಅಂಗಿ ಗಾಯಕ್ಕೆ ಅಂಟಿಕೊಂಡಿತ್ತು. ಅಪ್ಪ ಮೇಜಿನ ಮೇಲಿದ್ದ ಹೂಜಿಯ ನೀರಲ್ಲಿ ಬೆರಳದ್ದಿ ಅದ್ದಿ, ಚರ್ಮ ಕೀಳದ ಹಾಗೆ ಅಂಗಿಯನ್ನು ಬಿಡಿಸಿದ. ಹಳೆಯ ಬರೆಗಳನ್ನು ಅವನು ನೋಡಿದ್ದು ಆಗಲೇ. ಅವನ ಕೈ ನಿಂತಿತು.

"ಮಲಕ್ಕೋ ಮಗಾ," ಎಂದ. "ಬೇಗ ಮುಗಿಯುತ್ತೆ."

ಚಾವಟಿಯವನು ಲಾಯದವನೇ. ದೊರೆಯ ಎದುರಿಗೆ ಕೈ ಹಗುರ ಮಾಡುವ ಧೈರ್ಯ ಅವನಿಗಿರಲಿಲ್ಲ. ಹಳೆಯ ಗಾಯಗಳು ಮೊದಲನೆಯ ಏಟಿಗೇ ಬಾಯಿಬಿಟ್ಟವು. ಕಯೆತಾನ್ ಹಲ್ಲು ಕಚ್ಚಿದ, ಆಮೇಲೆ ಉಣ್ಣೆ ಕಚ್ಚಿದ, ಆಮೇಲೆ ಕೂಗಿದ. ನೆಂಟರು ಟೋಪಿ ತೆಗೆದು ಗೌರವದಿಂದ ನಿಂತಿದ್ದರು. ಅವನ ಬಲಗೈ ಹಿಡಿತ ಹುಡುಕುತ್ತ ಕಂಬಳಿಯ ಅಂಚು ದಾಟಿ ಬರಿನೆಲಕ್ಕೆ ಬಿತ್ತು.

ಒನುಫ್ರಿ ಮೊಣಕಾಲೂರಿ ಕೂತ. ಆ ಕೈಯನ್ನು ಮೆಲ್ಲಗೆ ಎತ್ತಿ ಕಂಬಳಿಯ ಮೇಲೆ ಇಟ್ಟ. ಅದು ಮತ್ತೆ ಜಾರಿತು. ಮತ್ತೆ ಎತ್ತಿಟ್ಟು, ಈ ಸಲ ಬಿಡದೆ ಎರಡೂ ಅಂಗೈಯಿಂದ ಒತ್ತಿ ಹಿಡಿದುಕೊಂಡ.