ಟೆಂಟಿನ ಎರಡು ಪಾಲು

ಊರೂರು ಸುತ್ತುವ ಹುಮ್ಮಸ್ಸು ಗ್ವೆನ್‌ಗೆ ಗ್ವಾಟೆಮಾಲಾದಲ್ಲೇ ತೀರಿಹೋಗಿತ್ತು. ಕಾಲು ಮಾತ್ರ ಅಭ್ಯಾಸಬಲದಿಂದ ಅವಳನ್ನು ಮೆಕ್ಸಿಕೋ ಸಿಟಿಯವರೆಗೆ ಎಳೆದುಕೊಂಡು ಬಂದಿತ್ತು. ಇಗರ್ಜಿ ನೋಡಿ ಸಾಕಾಗಿತ್ತು, ಜ್ವಾಲಾಮುಖಿ ನೋಡಿ ಸಾಕಾಗಿತ್ತು, ಹೊತ್ತು ಹೊತ್ತಿಗೂ ಅದೇ ಕಪ್ಪು ಬೀನ್ಸ್ ತಿಂದು ಸಾಕಾಗಿತ್ತು. ಹಾಸ್ಟೆಲಿನ ಪ್ರತಿ ಹೊಸ ಮುಖಕ್ಕೂ ಯಾವ ಊರು, ಹೊರಟು ಎಷ್ಟು ಕಾಲವಾಯಿತು, ಮುಂದೆ ಎಲ್ಲಿಗೆ ಎಂದು ಒಪ್ಪಿಸಿ ಒಪ್ಪಿಸಿ ನಾಲಿಗೆಯೂ ಸವೆದಿತ್ತು.

ನಾಳೆ ವಿಮಾನ. ಅವಳದು ರೆಜೈನಾಗೆ, ಡರ್ಮಟ್‌ನದು ಸೇಂಟ್ ಜಾನ್ಸ್‌ಗೆ. ಇಬ್ಬರೂ ಕೆನಡಾದವರೇ ಅನ್ನುವುದು ಹೆಸರಿಗೆ. ನಡುವೆ ಅರ್ಧ ಖಂಡವೇ ಬಿದ್ದುಕೊಂಡಿದೆ. ಅವಳು ಗೋಧಿ ಬಯಲಿನವಳು, ಅವನು ಮೀನುದೋಣಿಗಳ ದಡದವನು. ಚಿಲಿ ದೇಶದ ಕೆಳತುದಿಯ ಪ್ವೆರ್ತೊ ನತಾಲೆಸ್‌ನಲ್ಲಿ ಪರಿಚಯವಾಗಿ, ಅಲ್ಲಿಂದ ಜೊತೆಜೊತೆಯಾಗಿ ಉತ್ತರಕ್ಕೆ ಬಂದಿದ್ದರು. ಈ ಜೊತೆ ನಾಳೆಯ ಆಚೆಗೂ ಉಂಟೋ ಇಲ್ಲವೋ, ಅದೊಂದನ್ನು ಡರ್ಮಟ್ ಬಾಯಿಬಿಟ್ಟು ಹೇಳಿರಲಿಲ್ಲ. ಒಮ್ಮೆ ಕೇಳಿದಾಗ, "ಮೊದ್ಲು ಮೆಕ್ಸಿಕೋ ತಲುಪೋಣ ಕಣೆ, ಆಮೇಲೆ ನೋಡೋಣ" ಅಂದಿದ್ದ. ಮೆಕ್ಸಿಕೋ ಬಂತು. ಅವನ ಆ 'ಆಮೇಲೆ' ಮಾತ್ರ ಬರಲಿಲ್ಲ. ಇನ್ನೊಮ್ಮೆ ಕೇಳಲು ಅವಳಿಗೂ ಮಾನ ಅಡ್ಡ ಬಂತು.

ಹಾಸ್ಟೆಲಿನ ಮೆಟ್ಟಿಲ ಕೆಳಗೆ ಒಂದು ಪ್ಲಾಸ್ಟಿಕ್ ಕ್ರೇಟು. ಪ್ರವಾಸ ಮುಗಿದವರು ಬೇಡವಾದದ್ದನ್ನು ಅದರಲ್ಲಿ ಬಿಟ್ಟುಹೋಗುತ್ತಾರೆ, ಹೊರಡುವವರು ಬೇಕಾದದ್ದನ್ನು ಎತ್ತಿಕೊಳ್ಳುತ್ತಾರೆ. ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಮಧ್ಯಾಹ್ನ ಗ್ವೆನ್ ತನ್ನ ಬೆನ್ನುಚೀಲ ಕೊಡವಿ ಅರ್ಧ ಬಾಟಲಿ ಶಾಂಪೂ, ಸೊಳ್ಳೆಯ ಎಣ್ಣೆ, ಹಾಳೆ ಕಿತ್ತುಹೋದ ಪುಸ್ತಕ ಎಲ್ಲವನ್ನೂ ಅದರೊಳಗೆ ಹಾಕಿದಳು. ಚೀಲದ ತಳದಲ್ಲಿ ಟೆಂಟಿನ ಬಟ್ಟೆ ಉಳಿಯಿತು.

ಕೆಂಪು ಟೆಂಟು, ಇಬ್ಬರದು. ನತಾಲೆಸ್‌ನಲ್ಲಿ ಊರಿಗೆ ಹೊರಟಿದ್ದ ಡೆನ್ಮಾರ್ಕಿನ ಗಂಡುಹೆಣ್ಣಿನ ಜೋಡಿಯೊಂದು ಇವರಿಗೆ ದಾಟಿಸಿದ್ದು. ಜೊತೆಯಲ್ಲಿ ನಡೆಯುವವರು ಟೆಂಟನ್ನು ಪಾಲು ಮಾಡಿ ಹೊರುವುದು ರೂಢಿ: ಬಟ್ಟೆ ಗ್ವೆನ್ ಬೆನ್ನಿಗೆ, ಕೋಲು ಮತ್ತು ಗೂಟ ಡರ್ಮಟ್ ಬೆನ್ನಿಗೆ. ದಾರಿಯಲ್ಲಿ ಎಷ್ಟೇ ಜಗಳವಾಡಿ ಮೂತಿ ತಿರುಗಿಸಿಕೊಂಡು ಹೋದರೂ ರಾತ್ರಿಗೆ ಇಬ್ಬರೂ ಒಂದೇ ಕಡೆ ಬಂದು ಸೇರಲೇಬೇಕಿತ್ತು. ಒಂದೊಂದು ಪಾಲಿನಿಂದ ಯಾರಿಗೂ ಸೂರಾಗದು.

ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಸ್ವಲ್ಪ ಹೊತ್ತು ಕೂತಳು. ಆಮೇಲೆ ಅದನ್ನೂ ಕ್ರೇಟಿಗೆ ಹಾಕಿದಳು, ಎಲ್ಲಕ್ಕಿಂತ ಮೇಲೆ, ಕಣ್ಣಿಗೆ ಬೀಳುವ ಹಾಗೆ. ಡರ್ಮಟ್ ನೋಡಲಿ. ನೋಡಿ, "ತಲೆ ಕೆಟ್ಟಿದೆಯೇನೇ ನಿಂಗೆ, ನಾವು ಇನ್ನೆಲ್ಲಿ ಮಲಗೋದು?" ಎಂದು ಕೂಗಾಡಲಿ. ಅಷ್ಟು ಸಾಕು, ಉತ್ತರ ಸಿಕ್ಕ ಹಾಗೆ. ತಾನು ಬಾಯಿಂದ ಕೇಳಬೇಕಾದ್ದನ್ನು ಒಂದು ಮುದ್ದೆ ಬಟ್ಟೆಯ ಕೈಯಲ್ಲಿ ಕೇಳಿಸುವಷ್ಟು ಅವಳು ದಣಿದಿದ್ದಳು.

ಮೇಲೆ ತಾರಸಿಯಲ್ಲಿ ಹಾಸ್ಟೆಲಿನ ಯಜಮಾನಿ ದೋನ್ಯಾ ಚಾಯೋ ಹಾಸಿಗೆಬಟ್ಟೆ ಒಣಹಾಕುತ್ತಿದ್ದಳು. ಗ್ವೆನ್ ಸುಮ್ಮನಿರಲಾರದೆ ಇನ್ನೊಂದು ತುದಿ ಹಿಡಿದಳು.

"ಮುಖ ಯಾಕೆ ಹಂಗಿದೆ ಮಗಳೇ? ಊರಿಗೆ ಹೋಗೋಳು ನಗ್ತಾ ಇರಬೇಕಪ್ಪ."

"ಸುಸ್ತು, ದೋನ್ಯಾ."

"ಸುಸ್ತಿಗೆ ಸೂಪು ಇದೆ. ಇದು ಸೂಪಿಗೆ ಹೋಗೋ ಸುಸ್ತಲ್ಲ ಬಿಡು."

ಡರ್ಮಟ್ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಎರಡು ಲೋಟ ಮಾವಿನ ಹೋಳು, ಮೇಲೆ ಖಾರದ ಪುಡಿ. ಒಂದನ್ನು ಅವಳಿಗೆ ಕೊಟ್ಟ. ಗ್ವೆನ್ ಅವನ ಮುಖವನ್ನೇ ನೋಡಿದಳು.

"ಕೆಳಗೆ ಕ್ರೇಟು ನೋಡಿದ್ಯೇನೋ?"

"ನೋಡ್ದೆ. ಯಾರೋ ಒಳ್ಳೇ ಟಾರ್ಚ್ ಬಿಟ್ಟು ಹೋಗಿದಾರೆ."

ನೋಡಿಯೂ ಏನೂ ಅನ್ನಲಿಲ್ಲವೇ? ಅಷ್ಟರಲ್ಲಿ ಮೆಟ್ಟಿಲ ಮೇಲೆ ಧಡಧಡ ಸದ್ದಾಗಿ, ನಿನ್ನೆಯಷ್ಟೇ ಬಂದಿಳಿದ ಡಚ್ ಹುಡುಗಿ ಫೆನ್ನಾ ತನ್ನ ಗೆಳೆಯನೊಂದಿಗೆ ಪ್ರತ್ಯಕ್ಷಳಾದಳು. ಅವಳ ತೋಳಲ್ಲಿ ಕೆಂಪು ಬಟ್ಟೆ. ಕ್ರೇಟಿಗೆ ಬಿದ್ದ ಗಳಿಗೆಯಲ್ಲೇ ಎತ್ತಿಕೊಂಡಿದ್ದಳು. ಡರ್ಮಟ್ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

"ಟೆಂಟು ಸಿಕ್ತು, ಕೋಲಿಲ್ಲ! ಇದು ನಿಮ್ದೇ ಅಂತೆ? ನಾವು ಚಿಲಿಯ ಆ ತುದಿ, ಪಟಗೋನಿಯಾ ತನಕ ಹೋಗೋರು. ಕೋಲೂ ಕೊಟ್ಬಿಡಿ, ಪುಣ್ಯ ಬರುತ್ತೆ."

ಡರ್ಮಟ್ ಆ ಬಟ್ಟೆಯನ್ನು ನೋಡಿದ. ಆಮೇಲೆ ಗ್ವೆನ್‌ಳನ್ನು ನೋಡಿದ.

"ನೀನು ಹಾಕಿದ್ಯಾ?"

ಪರೀಕ್ಷೆ ಮಾಡಿದೆ ಕಣೋ, ಅನ್ನಬಹುದಿತ್ತು. ನಿನ್ನ ಬಾಯಿಂದ ಒಂದು ಮಾತು ಬರಲಿ ಅಂತ, ಅನ್ನಬಹುದಿತ್ತು. ಎದುರಿಗೆ ಆ ಇಬ್ಬರು ಹಲ್ಲುಬಿಟ್ಟು ನಿಂತಿದ್ದರು.

"ಭಾರ ಆಗಿತ್ತು" ಅಂದಳು.

"ಹೂಂ. ಭಾರ." ಅವನು ಲೋಟವನ್ನು ಗೋಡೆಯ ಮೇಲಿಟ್ಟು ಕೆಳಗೆ ಹೋದ.

ಕೋಲು ತರದಿರಲಿ ಎಂದು ಗ್ವೆನ್ ಬೇಡಿಕೊಂಡಳು. ಸಿಟ್ಟು ಮಾಡಿಕೊಳ್ಳಲಿ, ಬಾಗಿಲು ಹಾಕಿಕೊಂಡು ಮಲಗಲಿ, ಬೈಯಲಿ, ಏನಾದರೂ ಮಾಡಲಿ, ಕೋಲೊಂದು ತರದಿರಲಿ. ಡರ್ಮಟ್ ಕೋಲಿನ ಚೀಲ ಹಿಡಿದುಕೊಂಡೇ ಬಂದ.

"ಬನ್ನಿ, ಹಾಕೋದು ತೋರಿಸ್ತೀವಿ. ಒಂದು ಕೋಲು ಸ್ವಲ್ಪ ಸೊಟ್ಟ, ಅದರ ಮರ್ಜಿ ಗೊತ್ತಿರಬೇಕು."

ಒಣಹಾಕಿದ ಬಟ್ಟೆಗಳ ನಡುವೆ ಗೂಟ ಹೊಡೆಯಲು ನೆಲವಿಲ್ಲದೆ ಹಗ್ಗಗಳನ್ನು ಹೂಕುಂಡಗಳಿಗೆ ಕಟ್ಟಿದರು. ಅವನು ಕೋಲು ಬಗ್ಗಿಸಿದಾಗ ಅವಳು ಆಗಲೇ ಅದನ್ನು ಸಿಕ್ಕಿಸುವ ಬಟ್ಟೆಯಂಚಿನ ತೂತು ಹಿಡಿದಿದ್ದಳು. ಅವನು ಕೈ ಚಾಚುವ ಮೊದಲೇ ಅವಳ ಕೈಯಲ್ಲಿ ಹಗ್ಗವಿತ್ತು. ಬೊಲಿವಿಯಾದ ಚಳಿಯಲ್ಲಿ ಹರಿದು ಅವಳೇ ಹೊಲಿದ ತೇಪೆಯ ಮೇಲೆ ಡರ್ಮಟ್ ಹೆಬ್ಬೆರಳು ಒಂದು ಕ್ಷಣ ನಿಂತು ಮುಂದೆ ಹೋಯಿತು. ಟೆಂಟಿನ ಹಿಂಬದಿಗೆ ಇಬ್ಬರೂ ಬಗ್ಗಿದಾಗ ಅವನು ತಗ್ಗಿದ ದನಿಯಲ್ಲಿ ಅಂದ:

"ಗ್ವಾಟೆಮಾಲಾ ಆದ್ಮೇಲೆ ಒಂದು ರಾತ್ರಿನೂ ಇದನ್ನ ಹಾಕಿಲ್ಲ ನಾವು. ಆದ್ರೂ ಕೋಲು ಹೊತ್ತೆ. ನಮ್ಮೂರ ಕಡಲ ದಂಡೇಲಿ ಹಾಕೋಣ ಅಂತ. ಭಾರ ಅಂತ ನೀನು ಮೊದ್ಲೇ ಹೇಳಿದ್ರೆ ಗ್ವಾಟೆಮಾಲಾದಲ್ಲೇ ಇಳಿಸ್ತಿದ್ದೆ."

"ನೀನೂ ಹೇಳಬಹುದಿತ್ತಲ್ಲ."

"ಹೇಳೋದೇನು ಬಂತು, ಗೊತ್ತಿದೆ ಅಂದ್ಕೊಂಡೆ."

ಗ್ವೆನ್‌ಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ, ಅಲ್ಲೇ ಟೆಂಟಿನೊಳಗೆ ನುಗ್ಗಿ ಒಂದು ವಾರ ಮಲಗಿಬಿಡಬೇಕು ಅನ್ನಿಸಿತು.

ಟೆಂಟು ಎದ್ದು ನಿಂತಿತು. ಫೆನ್ನಾ ಚಪ್ಪಾಳೆ ತಟ್ಟಿದಳು. "ಅಬ್ಬಾ! ಬಟ್ಟೆ ಹಿಡಿ, ಹಗ್ಗ ಎಳಿ ಅಂತ ಒಂದು ಮಾತೂ ಬೇಡ್ವಲ್ಲ ನಿಮಗೆ! ನಾವೂ ಹಿಂಗೇ ಆಗ್ಬೇಕು."

ಈ ಮಾತನ್ನು ಗ್ವೆನ್ ಬಲ್ಲಳು. ನತಾಲೆಸ್‌ನ ಗಾಳಿಯಲ್ಲಿ ಇದೇ ಟೆಂಟಿನ ಮುಂದೆ ನಿಂತು, ಆ ಡೆನ್ಮಾರ್ಕಿನ ಜೋಡಿಗೆ ತಾನೇ ಇದನ್ನು ಅಂದಿದ್ದಳು, ಹೀಗೇ ಬೆರಗಾಗಿ. ಆ ಹೆಂಗಸು ಮುಖ ತಿರುಗಿಸಿ, ಗಟ್ಟಿಯಾಗಿಯೇ ಇದ್ದ ಗೂಟವೊಂದನ್ನು ಮತ್ತೆ ಗಟ್ಟಿ ಮಾಡುತ್ತ ಕೂತಿದ್ದಳು. ಪಾಪ, ಸುಸ್ತಾಗಿದೆ ಎಂದುಕೊಂಡಿದ್ದಳು ಗ್ವೆನ್. ಅದೂ ಸೂಪಿಗೆ ಹೋಗದ ಸುಸ್ತೇ ಎಂದು ಈಗ ತಿಳಿಯಿತು.

ಅವಳು ಫೆನ್ನಾಳನ್ನು ಹತ್ತಿರ ಕರೆದಳು. "ಇಲ್ನೋಡು, ಈ ಜಿಪ್ಪು ಹಟಮಾರಿ. ಕೆಳಗಿನ ಮೂಲೆ ಎತ್ತಿ ಹಿಡ್ಕೊಂಡು ಎಳಿ. ಆಮೇಲೆ ಇನ್ನೊಂದು."

"ಏನು?"

"ಹಾಕುವಾಗ ಮಾತಾಡ್ತಾ ಹಾಕಿ. ಕೈಗೆ ಅಭ್ಯಾಸ ಆಗ್ಹೋದ್ರೂ ಸರಿ, ಮಾತು ಬಿಡಬೇಡಿ."

ಫೆನ್ನಾ ತಮಾಷೆ ಎಂದುಕೊಂಡು ನಕ್ಕಳು. ಆಚೆ ಬದಿಯಲ್ಲಿ ಕೊನೆಯ ಹಗ್ಗ ಕಟ್ಟುತ್ತಿದ್ದ ಡರ್ಮಟ್‌ನ ಕೈ ನಿಂತಿತು. ಅವನು ತಲೆಯೆತ್ತಿ ಗ್ವೆನ್‌ಳನ್ನು ನೋಡಿದ, ಬಾಯಿ ಅರ್ಧ ತೆರೆದ. ಗ್ವೆನ್ ಕಾದಳು. ಅವನು ಮತ್ತೆ ಬಗ್ಗಿ, ಯಾವಾಗಿನಂತೆ ಎರಡು ಸುತ್ತು ಸುತ್ತಿ ಗಂಟು ಬಿಗಿದ.