ಧಣಿಯ ತಲೆಗೆ ಬಂದ ತೀರ್ಥ

ಕರೆಂಟು ಕೊಟ್ಟರೆ ಆಮ್ಲಜನಕ ನೇರವಾಗಿ ನೀರಾಗಲು ಹೊರಡುತ್ತದೆ. ಅಷ್ಟು ಮೊಂಡು. ಅದನ್ನು ಅರ್ಧ ದಾರಿಯಲ್ಲಿ ತಡೆದು ಹೈಡ್ರೋಜನ್ ಪೆರಾಕ್ಸೈಡ್ ಎಂಬ ಕ್ರಿಮಿನಾಶಕ ಮಾಡಿಸುವ ಕರಿಪುಡಿ, ಅಂದರೆ ಕ್ಯಾಟಲಿಸ್ಟ್, ತಯಾರಿಸುವುದು ನನ್ನ ಕೆಲಸ. ಅದಕ್ಕಾಗಿ ಮೈಸೂರು ಬಿಟ್ಟು ಮಹಾಪೆಯ ಕೈಗಾರಿಕಾ ಪ್ರದೇಶಕ್ಕೆ ಬಂದು ತೆಂಗಿನ ಚಿಪ್ಪು ಸುಡುತ್ತಿದ್ದೆ. ಮಗಳು ಸೈಂಟಿಸ್ಟ್ ಎಂದು ನೆಂಟರಿಗೆ ಹೇಳುವುದನ್ನು ಅಮ್ಮ ನಿಲ್ಲಿಸಿಬಿಟ್ಟಿದ್ದಳು.

ನಮ್ಮ ಧಣಿ ಪುಂಡರೀಕಾಕ್ಷರು ಹೋಟೆಲುಗಳಿಗೆ ಫಿನಾಯಿಲು ಮಾರುವ ಉಡುಪಿಯವರು. ಅರವತ್ತು ದಾಟಿದರೂ ಡೈ ಕೃಪೆಯಿಂದ ತಲೆ ಕಡುಕಪ್ಪು. ೨೦೧೬ರ ಆಯುಧಪೂಜೆಯ ದಿನ ಅವರೆದುರು ಪೆರಾಕ್ಸೈಡ್ ಬರದಿದ್ದರೆ ಲ್ಯಾಬಿಗೆ ಬೀಗ, ನನಗೆ ಫಿನಾಯಿಲು ಮಾರುವ ಕೆಲಸ ಎಂದು ಮೊದಲೇ ಹೇಳಿದ್ದರು.

ಪೂಜೆ ಮುಗಿಯಿತು. ನನ್ನ ಕರಿಪುಡಿ ಹಾಕಿದ ಮಶೀನಿನಿಂದ ಬೀಕರಿಗೆ ಇಳಿದಿದ್ದ ದ್ರವಕ್ಕೆ ಪರೀಕ್ಷೆಯ ಕಾಗದ ಅದ್ದಿದೆ. ನೀಲಿಯಾಗಬೇಕಿದ್ದ ಕಾಗದ ಬೆಳ್ಳಗೇ ಉಳಿಯಿತು.

"ನೀರು ಮಾರಾಯ್ತಿ! ನಾಳೆಯಿಂದ ಬಂದ್," ಎಂದರು ಧಣಿ. ನನಗೆ ಅಳುವೇ ಬಂತು. ಅವರೋ, ಪೂಜೆಯಾದ ಮಶೀನಿನ ನೀರಲ್ಲವೇ ಎಂದು ಭಕ್ತಿಯಿಂದ ಅಂಗೈಗೆ ಸುರಿದುಕೊಂಡರು.

"ಅಯ್ಯೋ, ಕುಡೀಬೇಡಿ ಸಾರ್!" ಎಂದೆ.

ಬೆಚ್ಚಿಬಿದ್ದರು. ತೀರ್ಥ ನೆಲಕ್ಕೆ ಚೆಲ್ಲಬಾರದಲ್ಲ, ಅಷ್ಟನ್ನೂ ತಲೆಯ ಬಲಬದಿಗೆ ಒರೆಸಿಕೊಂಡರು.

ಆಗಲೇ ನಾನು ಬೀಕರಿನಲ್ಲಿ ತೇಲುತ್ತಿದ್ದ ಬೀಜ ನೋಡಿದ್ದು. "ಕುಶಲಣ್ಣ, ಇದೇನು?"

ಪೂಜೆ ಮಾಡಿದ್ದು ಟೆಕ್ನಿಷಿಯನ್ ಕುಶಲಣ್ಣ. "ಮಶೀನಿಗೆ ದೃಷ್ಟಿ ಆಗ್ಬಾರ್ದಲ್ಲ? ಲಿಂಬೆಹಣ್ಣು ಹಿಂಡಿದೆ. ಎರಡೇ!"

"ಲಿಂಬೆರಸ ಇದ್ರೆ ಕಾಗದದ ನೀಲಿ ಏಳೋದೇ ಇಲ್ಲ!" ಎಂದು ಕೂಗಾಡಿದೆ. ಧಣಿ ಅದನ್ನು ನೆಪವೆಂದು ತಳ್ಳಿಹಾಕಿ, ಲಡ್ಡು ಹಿಡಿದುಕೊಂಡು ಗೇಟಿನ ಬಿಸಿಲಿಗೆ ಫೋಟೋ ತೆಗೆಸಿಕೊಳ್ಳಲು ಹೋದರು. ಗಣಸೋಲಿಯಿಂದ ಬರಬೇಕಿದ್ದ ಫೋಟೋದವನು ಬಂದದ್ದು ಊಟದ ಹೊತ್ತಿಗೆ.

"ಧಣಿ, ನಿಮ್ಮ ತಲೆ ಒಂದು ನಮೂನೆ ಕಾಣ್ತದೆ," ಎಂದ ಕುಶಲಣ್ಣ.

ಬಲಬದಿ ಜೋಳದ ಜುಟ್ಟಿನ ಬಣ್ಣಕ್ಕೆ ತಿರುಗಿತ್ತು. "ಬಂತು ಸಾರ್, ಪೆರಾಕ್ಸೈಡ್ ಬಂತು! ಕೂದಲ ಬಣ್ಣ ತೆಗೆಯೋದು ಅದೇ!" ಎಂದು ನಾನು ಕುಣಿದುಬಿಟ್ಟೆ. ಧಣಿಯ ಮುಖ ನೋಡಿ ಕುಣಿತ ನಿಲ್ಲಿಸಿದೆ.

ಅಷ್ಟರಲ್ಲಿ ಫೋಟೋ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹೋಗಿತ್ತು. ಡೊಂಬಿವಲಿಯಿಂದ ಹೆಂಡತಿ ಉಮಾವತಿಯ ಫೋನು. ಧಣಿ ಕೇಳಿಸಿಕೊಂಡರು, "ಹೌದಾ, ಚಂದ ಕಾಣ್ತದಾ?" ಎಂದು ಕೆಮ್ಮಿದರು, ಸ್ವಲ್ಪ ನಾಚಿದರು.

ನಾನು ಮಶೀನು ಆರಿಸಲು ಹೋದಾಗ ಧಣಿ ಅದರ ಮುಂದೆ ಕುರ್ಚಿ ಹಾಕಿ, ಹೆಗಲಿಗೆ ಟವೆಲು ಹೊದ್ದು ಕೂತಿದ್ದರು.

"ಬಂದ್ ಮಾಡ್ಬೇಡ ಮಾರಾಯ್ತಿ. ಎಡಬದಿ ಬಾಕಿ ಉಂಟು."